ಸ್ಕಾರ್ವಿಕ್ ಬಂದರು ಪೋಲೆಂಡಾದ ಬಗೆ

ತಾಯ್ನಾಡಿನ ಹಂಬಲವಿಲ್ಲದ ವಿದೇಶಿ ಕಲಾವಿದರಿಗೆ ಸ್ಕಾರ್ವಿಕ್ ಪುರಸಭೆಯ ಕಟ್ಟಡಗಳಲ್ಲಿ ಜಾಗವಿಲ್ಲ. ಇದು ನಿಯಮ. ನಿಯಮವಾದ್ದರಿಂದ ಸರಿಯಾದದ್ದು. ಸರಿಯಾದದ್ದರ ಬಗ್ಗೆ ನಾರ್ವೆಯ ಈ ಪುಟ್ಟ ಬಂದರು ಊರಿನಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ. ಚರ್ಚೆಗೆ ಇಲ್ಲಿ ಮಳೆ ಇದೆ.

ನಾನು ಲೂಟ್ಸ್ಯಾನ್, ಪುರಸಭೆಯ ಪೋಲಿಷ್ ದುಭಾಷಿ. ಮೀನಿನ ಕಾರ್ಖಾನೆಗೆ ದುಡಿಯಲು ಬಂದ ನಮ್ಮ ಪೋಲೆಂಡಿನವರು ಹಲ್ಲು ಕೀಳಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು, ವೈದ್ಯರ "ನೋವಾಗುತ್ತಾ?" ಎಂಬುದನ್ನು ಆ ಭಾಷೆಯಿಂದ ಈ ಭಾಷೆಗೂ, ನಮ್ಮವರ "ಅಯ್ಯೋ" ಎಂಬುದನ್ನು ಈ ಭಾಷೆಯಿಂದ ಆ ಭಾಷೆಗೂ ಸಾಗಿಸುವುದು ನನ್ನ ಉದ್ಯೋಗ. ಬೊಗ್ನಾ ಗವ್ರೋನ್ಸ್ಕಾ ಎಂಬ ಚಿತ್ರಕಲಾವಿದೆಯ ಪ್ರಕರಣದಲ್ಲಿ ಮೊದಲಿನಿಂದ ಕೊನೆಯವರೆಗೂ ಕರ್ತವ್ಯದ ಮೇಲಿದ್ದವನು ನಾನೇ. ಆದಕಾರಣ ನಡೆದದ್ದನ್ನು ನಡೆದ ಹಾಗೆ ಇಲ್ಲಿ ನಿವೇದಿಸುತ್ತಿದ್ದೇನೆ.

ಬೊಗ್ನಾ ಹುಡುಗಿಯಾಗಿದ್ದಾಗ ಒಂದು ಬೇಸಿಗೆ ಮೀನು ಹಸನು ಮಾಡುವ ಕೆಲಸಕ್ಕೆಂದು ಬಂದವಳು, ವಾಪಸ್ ಹೋಗುವುದನ್ನು ಮರೆತಳು. ಬಂದರಿನ ಅಂಚಿನಲ್ಲಿ ಹಿಂದೆ ಬಲೆ ಒಣಗಿಸುತ್ತಿದ್ದ ಒಂದು ಮರದ ಅಟ್ಟವಿದೆ. ಪುರಸಭೆ ಅದನ್ನು ಅವಳಿಗೆ ಚಿತ್ರ ಬರೆಯಲು ಬಿಟ್ಟುಕೊಟ್ಟಿತ್ತು. ಅವಳು ಅಲ್ಲಿ ಕೂತು ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆದಳು: ಕ್ರೇನು, ಒದ್ದೆ ರಸ್ತೆ, ಮೀನಿನ ಪೆಟ್ಟಿಗೆಗಳು, ಕೆಂಪು ಬಣ್ಣದ ದೋಣಿಮನೆಗಳು, ಊಟದ ಬಿಡುವಿನಲ್ಲಿ ಬಲೆಯ ರಾಶಿಯ ಮೇಲೆ ಬಾಯಿ ತೆರೆದು ಮಲಗಿದ ಝೆನೆಕ್. ಝೆನೆಕ್ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುವವನು, ಅವಳನ್ನು ಅಕ್ಕಾ ಎಂದು ಕರೆಯುವವನು. ತನ್ನ ಬಾಯಿಯನ್ನು ಅಷ್ಟು ದೊಡ್ಡದಾಗಿ ಬರೆದದ್ದಕ್ಕೆ ಅವನು ಬಹಳ ದಿನ ಮುನಿಸಿಕೊಂಡಿದ್ದ. ಆಮೇಲೆ ಆ ಚಿತ್ರವನ್ನು ಯಾರೋ ಹಲ್ಲಿನ ವೈದ್ಯರು ಕೊಂಡುಕೊಂಡರೆಂದು ತಿಳಿದು, ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಹೀಗಿರಲಾಗಿ ರಾಜಧಾನಿಯಿಂದ ಒಬ್ಬ ಸಲಹೆಗಾರರು ಬಂದು, ಊರಿನಲ್ಲಿ ಇಷ್ಟೊಂದು ಪರದೇಶದವರಿದ್ದೂ ಎಲ್ಲಿಯೂ ಹಂಬಲ ಕಾಣುತ್ತಿಲ್ಲವೆಂದೂ, ಇದರಿಂದ ಊರಿನ ಸಾಂಸ್ಕೃತಿಕ ವರ್ಚಸ್ಸಿಗೆ ಧಕ್ಕೆಯೆಂದೂ ತಿಳಿಸಿ, ಮಧ್ಯಾಹ್ನದ ದೋಣಿಗೆ ಹೊರಟುಹೋದರು. ಪುರಸಭೆಗೆ ಗಾಬರಿಯಾಯಿತು. ಕೂಡಲೇ ಪ್ರಕಟಣೆ ಹೊರಬಿತ್ತು:

"ಪುರಸಭೆಯ ಕಟ್ಟಡಗಳನ್ನು ಬಳಸುವ ವಿದೇಶಿ ಕಲಾವಿದರ ಕೃತಿಗಳಲ್ಲಿ ತಾಯ್ನಾಡಿನ ಹಂಬಲವು, ಬಾಗಿಲಲ್ಲಿ ನಿಂತವರ ಬರಿಗಣ್ಣಿಗೆ ಕಾಣುವಂತೆ ಇರತಕ್ಕದ್ದು. ಹಂಬಲವನ್ನು ಇಲ್ಲ, ಮಂದ, ತೀವ್ರ, ಮತ್ತು ಕೂಡಲೇ ವೈದ್ಯರನ್ನು ಕರೆಸತಕ್ಕದ್ದು ಎಂಬ ದರ್ಜೆಗಳಲ್ಲಿ ಅಳೆಯಲಾಗುವುದು. ಮಂದಕ್ಕಿಂತ ಕೆಳಗಿನವರು ಜಾಗ ಖಾಲಿ ಮಾಡತಕ್ಕದ್ದು."

ತಪಾಸಣೆಗೆ ಬಂದವರು ಸಂಸ್ಕೃತಿ ಅಧಿಕಾರಿ ಸಿಗ್ರೂನ್ ಮೇಡಂ. ತುಂಬ ಒಳ್ಳೆಯವರು. ತಪಾಸಣೆಗೆ ಬರುವಾಗ ಬರಿಗೈಯಲ್ಲಿ ಬರಬಾರದೆಂದು ಕೇಕ್ ಮಾಡಿಕೊಂಡು ಬಂದಿದ್ದರು. ಬೊಗ್ನಾ ನಾರ್ವೇಜಿಯನ್ ಭಾಷೆಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಇಲ್ಲಿನ ಭಾಷೆ ಮಾತಾಡಿದರೆ ವಿದೇಶಿತನ ಕಮ್ಮಿಯಾಗುತ್ತದೆಂಬ ಕಾರಣಕ್ಕೆ ಅವಳು ಪೋಲಿಷಿನಲ್ಲೇ ಉತ್ತರಿಸಬೇಕೆಂದೂ, ದುಭಾಷಿ ನಡುವೆ ನಿಲ್ಲಬೇಕೆಂದೂ ಆದೇಶವಿತ್ತು. ನಾನು ನಡುವೆ ನಿಂತೆ. ಕೇಕ್ ನನ್ನ ಕೈಯಲ್ಲಿತ್ತು.

ಸಿಗ್ರೂನ್ ಮೇಡಂ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರು.

"ಬೊಗ್ನಾ, ಇದೇನು?"

"ಕಡಲಹಕ್ಕಿ."

"ಪೋಲೆಂಡ್ ಕಡೆ ನೋಡ್ತಿದೆಯಾ?"

"ಮೀನಿನ ಕಡೆ ನೋಡ್ತಿದೆ."

"ಆ ಮೀನು?"

"ಸತ್ತಿದೆ, ಮೇಡಂ. ಅದು ಯಾವ ಕಡೆನೂ ನೋಡಲ್ಲ."

ಸಿಗ್ರೂನ್ ಮೇಡಂ ನಿಟ್ಟುಸಿರು ಬಿಟ್ಟು ಒಳಗೆ ಬಂದು ಕೂತರು. "ನೋಡಮ್ಮಾ, ನನಗೇನೂ ನಿನ್ನ ಮೇಲೆ ದ್ವೇಷ ಇಲ್ಲ. ಸ್ವಲ್ಪ ಆದ್ರೂ ಹಂಬಲ ಇಲ್ವಾ? ಒಂದು ಚೂರು? ಅಮ್ಮನ ಕೈ ಅಡುಗೆ, ಗಿಡ ಮರ, ಅಂಥದ್ದೇನಾದ್ರೂ?"

"ಅಮ್ಮ ಪ್ರತಿ ಭಾನುವಾರ ಫೋನ್ ಮಾಡ್ತಾರೆ ಮೇಡಂ. ಹಂಬಲಿಸೋಕೆ ಪುರುಸೊತ್ತೇ ಕೊಡಲ್ಲ."

ನಾನು ಇದನ್ನು ಅನುವಾದಿಸಿದೆ. ಅಷ್ಟಿಷ್ಟು ಪೋಲಿಷ್ ಬಲ್ಲ ಸಿಗ್ರೂನ್ ಮೇಡಂ ಅನುವಾದಿಸುವ ಮೊದಲೇ ನಕ್ಕುಬಿಟ್ಟಿದ್ದರು. ಆದರೂ ಕ್ರಮ ತಪ್ಪಬಾರದೆಂದು, ಅನುವಾದವಾದ ಮೇಲೆ ಇನ್ನೊಮ್ಮೆ ನಕ್ಕರು. ನಂತರ ಹಂಬಲ "ಇಲ್ಲ" ಎಂದು ಬರೆದುಕೊಂಡರು. ಬರೆದುಕೊಳ್ಳುವಾಗ ಅವರ ಮುಖ ಬಾಡಿತ್ತು. ಅಟ್ಟಕ್ಕೆ ಬೇರೆ ಅರ್ಜಿಯೂ ಬಂದಿತ್ತು: ಪೋರ್ಚುಗಲ್ಲಿನ ಒಬ್ಬ ಶಿಲ್ಪಿ, ಫೋನಿನಲ್ಲಿ ವಿಚಾರಿಸುವಾಗಲೇ ಬಿಕ್ಕಿ ಬಿಕ್ಕಿ ಅತ್ತಿದ್ದನಂತೆ.

ಬೊಗ್ನಾಳ ಮುಖದ ನಗು ಆಗ ಇಳಿಯಿತು. ಅವಳು ಕಿಟಕಿಯ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಆ ಕಿಟಕಿ ಬಿಟ್ಟು ಬೇರೆ ಎಲ್ಲಿ ಕೂತು ಬರೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಸಿಗ್ರೂನ್ ಮೇಡಂ ಕರುಣಾಳು. ಎರಡನೆಯ ತುಂಡು ಕೇಕ್ ತಿನ್ನುತ್ತ ಒಂದು ದಾರಿ ಹುಡುಕಿದರು. ಹಂಬಲ ಕಮ್ಮಿಯಿರುವವರನ್ನು ಪುರಸಭೆಯ ಖರ್ಚಿನಲ್ಲಿ ತಾಯ್ನಾಡಿಗೆ ಕಳಿಸಿ, ಅಲ್ಲಿಂದ ಹಂಬಲ ತರಿಸಿಕೊಳ್ಳಲು ಅವಕಾಶವಿತ್ತು. ಇದಕ್ಕೆ ಹಂಬಲ ಸಂಗ್ರಹ ಪ್ರವಾಸ ಎಂದು ಹೆಸರು.

"ಮೇಡಂ, ಊರಿಗೆ ಹೋದ್ರೆ ಹಂಬಲ ಹೋಗುತ್ತೆ. ಬರುತ್ತಾ?" ಎಂದು ಬೊಗ್ನಾ ಕೇಳಿದಳು.

"ಅದು ಬೇರೆ ಇಲಾಖೆಯವರ ಪ್ರಶ್ನೆ ಕಣಮ್ಮ," ಎಂದರು ಸಿಗ್ರೂನ್ ಮೇಡಂ.

ಅಧಿಕೃತ ಪ್ರವಾಸವಾದ್ದರಿಂದ ದುಭಾಷಿಯನ್ನೂ ಜೊತೆಗೆ ಕಳಿಸಲಾಯಿತು. ಪೋಲೆಂಡಿನಲ್ಲಿ ಪೋಲಿಷ್ ದುಭಾಷಿಯ ಅಗತ್ಯ ಇರಲಿಲ್ಲ. ಆದ್ದರಿಂದ ಕೆಲಸ ಹಗುರವಾಗಿತ್ತು.

ಬೊಗ್ನಾಳ ತಾಯಿ ಯಡ್ವಿಗಾ ಅಮ್ಮ ಒಂದು ಚಿಕ್ಕ ಊರಿನಲ್ಲಿ ರೈಲು ನಿಲ್ದಾಣದ ಹಿಂದೆ ಇರುತ್ತಾರೆ. ಬಾಗಿಲು ತೆರೆದವರೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಈಯಪ್ಪ ಯಾರು?"

"ದುಭಾಷಿ ಕಣಮ್ಮ."

"ನಾವಿಬ್ರೂ ಮಾತಾಡೋಕೆ ದುಭಾಷಿ ಬೇಕಾ? ಅಷ್ಟು ಹಾಳಾಗಿ ಹೋಯ್ತಾ ನಮ್ಮ ಸಂಬಂಧ?" ಎಂದು ಕೇಳಿ, ನನ್ನ ಕಡೆ ತಿರುಗಿ, "ಮದುವೆ ಆಗಿದೆಯೇನಪ್ಪಾ?" ಎಂದರು.

"ಆಗಿದೆ, ಅಮ್ಮ. ಹೆಂಡತಿ ಸ್ಕಾರ್ವಿಕ್‌ನಲ್ಲಿದ್ದಾಳೆ."

"ಸರಿ ಬಿಡು. ಹಾಗಾದ್ರೆ ಊಟ ಹಾಕಿದ್ರೆ ಸಾಕು."

ಊಟ ಹಾಕಿದರು. ಹುಳಿಹಿಟ್ಟಿನ ಸಾರು, ಆಲೂಗಡ್ಡೆ ಹೂರಣದ ಪಿಯೆರೋಗಿ ಕಡುಬು, ಅದರ ಮೇಲೆ ಹುರಿದ ಈರುಳ್ಳಿ, ಅದಾದ ಮೇಲೆ ಗಸಗಸೆ ಕೇಕ್, ಅದಾದ ಮೇಲೆ "ಏನೂ ತಿನ್ನಲೇ ಇಲ್ಲ" ಎಂಬ ಮಾತು. ಬೊಗ್ನಾ ಶಿಸ್ತಾಗಿ ಹಂಬಲ ಸಂಗ್ರಹಕ್ಕೆ ಕೂತಳು. ಬೀದಿಯ ಬರ್ಚ್ ಮರಗಳನ್ನು ಬರೆದಳು. ಕೊಕ್ಕರೆ ಗೂಡು ಬರೆದಳು. ತಾಯಿಯನ್ನು ಗೇಟಿನ ಬಳಿ ನಿಲ್ಲಿಸಿ, ಕೈಯಲ್ಲಿ ಕರವಸ್ತ್ರ ಕೊಟ್ಟು, ದೂರ ನೋಡಲು ಹೇಳಿದಳು. ಯಡ್ವಿಗಾ ಅಮ್ಮ ದೂರ ನೋಡದೆ ಎದುರು ಮನೆಯವರ ಒಗೆದ ಬಟ್ಟೆ ನೋಡುತ್ತ, "ಆ ಪರದೆ ನಾನೇ ಕೊಟ್ಟಿದ್ದು, ಹೆಂಗ್ ಮಾಡ್ಕೊಂಡಿದ್ದಾಳೆ ನೋಡು," ಎಂದರು. ಚಿತ್ರ ಮುಗಿದಾಗ ಅದು ಯಾವುದೋ ಬೇಕರಿಯ ಜಾಹೀರಾತಿನ ಹಾಗಿತ್ತು. ಹಂಬಲಿಸುವ ವಸ್ತುವೇ ಎದುರಿಗೆ ನಿಂತು "ಕಾಲು ನೋಯ್ತಿದೆ, ಬೇಗ ಮುಗಿಸು" ಎಂದು ಗದರುತ್ತಿರುವಾಗ ಹಂಬಲಿಸುವುದು ಕಷ್ಟವೆಂದು ನಾನು ವರದಿ ಕಳಿಸಿದೆ.

ಈ ನಡುವೆ ವಾರ್ಸಾದ ಒಂದು ಗೌರವಾನ್ವಿತ ಸಂಸ್ಥೆಯಿಂದ ಬೊಗ್ನಾಳಿಗೆ ಕರೆ ಬಂತು. ಸಂಸ್ಥೆಯ ಹೆಸರು ಹೊರದೇಶದಲ್ಲಿರುವ ಪೋಲಿಷ್ ಕಲಾವಿದರ ಸನ್ಮಾನ ಸಮಿತಿ. ಅದರ ಕಾರ್ಯದರ್ಶಿ ಕಾಯೆತಾನ್ ಲಿಪ್ಕಾ. ಹೊರದೇಶದಲ್ಲಿದ್ದುಕೊಂಡು ನಾಡಿಗೆ ಕೀರ್ತಿ ತಂದವರಿಗೆ ಪದಕ ಕೊಡುವುದೆಂದು ತೀರ್ಮಾನವಾಗಿ, ಅವಳ ಹೆಸರೂ ಪಟ್ಟಿಯಲ್ಲಿತ್ತು. ನಾವಿಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ವಾರ್ಸಾಕ್ಕೆ ಹೋದೆವು. ಲಿಪ್ಕಾ ಸಾಹೇಬರು ಅವಳನ್ನು ನೋಡಿದವರೇ ಬೆಚ್ಚಿಬಿದ್ದರು.

"ನೀವು ಇಲ್ಲಿ ಏನ್ ಮಾಡ್ತಿದ್ದೀರಿ?"

"ನೀವೇ ಬನ್ನಿ ಅಂದ್ರಲ್ಲ ಸಾರ್. ಪದಕಕ್ಕೆ."

"ಬನ್ನಿ ಅಂದೆ, ನಿಜ. ಪದಕ ಖುದ್ದಾಗಿ ತಗೋಬೇಕು, ಅದೂ ನಿಜ. ಆದ್ರೆ ನೀವು ಬಂದ್ಬಿಟ್ರೆ ಹೊರದೇಶದಲ್ಲಿ ಇಲ್ಲ ಅಂತಾಯ್ತಲ್ಲ! ಹೊರದೇಶದಲ್ಲಿ ಇಲ್ಲದವರಿಗೆ ನಾನು ಹೆಂಗೆ ಕೊಡ್ಲಿ?"

"ಮತ್ತೆ ಬೇರೆಯವರು ಏನ್ ಮಾಡಿದ್ರು ಸಾರ್?"

"ಬೇರೆಯವರು ಬುದ್ಧಿವಂತರು. ಬಂದಿಲ್ಲ. ಅವರಿಗೂ ಕೊಡೋಕಾಗಿಲ್ಲ."

ಲಿಪ್ಕಾ ಸಾಹೇಬರಿಗೆ ಬೆವರು ಕಿತ್ತುಕೊಂಡಿತ್ತು. ಮಂತ್ರಿಗಳು ಬಂದು ಕೂತಿದ್ದರು, ಕೊಡಲು ಪದಕಗಳಿದ್ದವು, ತೆಗೆದುಕೊಳ್ಳಲು ಜನ ಇರಲಿಲ್ಲ. ಕೊನೆಗೆ ಅವರು ಕೋಟಿನ ಗುಂಡಿ ಹಾಕಿಕೊಂಡು ಸಭಾಂಗಣಕ್ಕೆ ಹೋಗಿ, ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಕಾರ್ಯಕ್ರಮದ ಅವಧಿಗೆ ಸೀಮಿತವಾಗಿ, ಈ ಸಭಾಂಗಣದ ಹೊರಗಿನ ಹಜಾರವನ್ನು ಹೊರದೇಶವೆಂದು ಪರಿಗಣಿಸಲಾಗಿದೆ."

ಬೊಗ್ನಾ ಹಜಾರದಲ್ಲಿ ನಿಂತಳು. ಹೊಸಿಲಿನಲ್ಲಿ ಕಾವಲುಗಾರನೊಬ್ಬ ಬಂದು ನಿಂತು, ಹೋಗುವವರ ಗುರುತಿನ ಚೀಟಿ ನೋಡತೊಡಗಿದ. ಮಂತ್ರಿಗಳು ಒಳಗಿನಿಂದ ಪದಕ ಚಾಚಿದರು. ಅವಳು ಹೊರಗಿನಿಂದ ಕೈ ಚಾಚಿದಳು. ಮೊಣಕೈಯವರೆಗೆ ಅವಳು ತಾಯ್ನಾಡಿನಲ್ಲಿದ್ದಳು. ಚಪ್ಪಾಳೆಯಾಯಿತು. ಹೆರಿಂಗ್ ಮೀನಿನ ತಟ್ಟೆ ಹಿಡಿದ ಮಾಣಿ ಹಜಾರಕ್ಕೆ ಬರಲು ಒಪ್ಪಲಿಲ್ಲ, ತನ್ನ ಬಳಿ ಪಾಸ್‌ಪೋರ್ಟ್ ಇಲ್ಲವೆಂದ. ಶೌಚಾಲಯವು ಹಜಾರದ ಕಡೆಗಿದ್ದುದರಿಂದ ಮಂತ್ರಿಗಳು ಅಂದು ಸಂಜೆ ಎರಡು ಸಲ ವಿದೇಶ ಪ್ರವಾಸ ಮಾಡಿದರು.

ಬೀಳ್ಕೊಡುವಾಗ ಲಿಪ್ಕಾ ಸಾಹೇಬರು ಮೆಲ್ಲಗೆ ಹೇಳಿದರು: "ಬೇಗ ವಾಪಸ್ ಹೋಗಿಬಿಡಿ ಮೇಡಂ. ಅಲ್ಲಿ ನಿಮಗೆ ಜಾಗ ಇಲ್ಲ ಅಂತಾದ್ರೆ ಪದಕ ವಾಪಸ್ ತಗೋಬೇಕಾಗುತ್ತೆ. ನನಗೂ ಬೇಜಾರು."

ಹೀಗೆ ಬೊಗ್ನಾ, ಪೋಲೆಂಡಿನಲ್ಲಿ ಹಂಬಲ ಸಿಕ್ಕದಿದ್ದರೆ ಸ್ಕಾರ್ವಿಕ್‌ನಲ್ಲಿ ಜಾಗವಿಲ್ಲದ, ಸ್ಕಾರ್ವಿಕ್‌ನಲ್ಲಿ ಜಾಗವಿಲ್ಲದಿದ್ದರೆ ಪೋಲೆಂಡಿನಲ್ಲಿ ಗೌರವವಿಲ್ಲದ ಸ್ಥಿತಿಗೆ ತಲುಪಿದಳು. ತಾಯಿಯ ಅಡುಗೆಮನೆಯಲ್ಲಿ ಕೂತು, ಪದಕವನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಗಸಗಸೆ ಕೇಕನ್ನು ಬೆರಳಿನಿಂದ ಪುಡಿ ಮಾಡುತ್ತಿದ್ದಾಗ ಝೆನೆಕ್ ಫೋನ್ ಮಾಡಿದ. ಅವನ ದನಿ ಎಷ್ಟು ದೊಡ್ಡದೆಂದರೆ ಮೇಜಿನ ಈ ಬದಿಗೂ ಕೇಳುತ್ತಿತ್ತು.

"ಅಕ್ಕಾ! ನಿನ್ನ ಅಟ್ಟದ ಕಿಟಕಿ ಗಾಳಿಗೆ ಪಟಪಟ ಬಡ್ಕೋತಿತ್ತು, ನಾನೇ ಮೇಲೆ ಹತ್ತಿ ಮುಚ್ಚಿದೆ. ಪೋರ್ಚುಗಲ್ಲಿನವನು ಬಂದಿದ್ದಾನೆ, ಜಾಗ ನೋಡೋಕೆ. ಮಳೆ ನೋಡಿ ಅಳ್ತಿದ್ದಾನೆ. ನಾನು ಒಂದು ಮೀನು ಕೊಟ್ಟೆ, ಅದನ್ನ ನೋಡಿನೂ ಅಳ್ತಾನೆ ಮಾರಾಯ್ತಿ. ನೀನು ಯಾವಾಗ ಬರ್ತೀಯಾ?"

"ಗೊತ್ತಿಲ್ಲ ಕಣೋ. ಅಲ್ಲಿ ಮಳೆನಾ?"

"ಮಳೆನಾ ಅಂತಾಳೆ! ಇಲ್ಲಿ ಇನ್ನೇನಿದೆ? ತಗೋ, ಕೇಳು," ಎಂದು ಅವನು ಫೋನನ್ನು ಹೊರಗೆ ಹಿಡಿದ.

ತಗಡಿನ ಮೇಲೆ ಬೀಳುವ ಮಳೆ ಕೇಳಿಸಿತು. ಕ್ರೇನು ಕಿರ್ರೆಂದಿತು. ಹಕ್ಕಿಗಳು ಯಾವುದೋ ಮೀನಿಗಾಗಿ ಜಗಳಾಡುತ್ತಿದ್ದವು. ಯಾರೋ ಯಾರಿಗೋ ಬೈದರು. ಬೊಗ್ನಾ ಫೋನ್ ಇಟ್ಟಳು. ನಂತರ ಎದ್ದು, ಮೇಜಿನ ಮೇಲಿನ ಮೇಣದ ಬಟ್ಟೆಯ ಹಾಸನ್ನು ಎಳೆದು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಬರೆಯತೊಡಗಿದಳು. ಕ್ರೇನು ಬಂತು, ಕೆಂಪು ದೋಣಿಮನೆಗಳು ಬಂದವು, ಅವುಗಳ ಬುಡದಲ್ಲಿ ಬೂದು ನೀರು ಬಂತು. ಇವೆಲ್ಲವನ್ನೂ ಅವಳು ಹಿಂದೆಯೂ ಬರೆದಿದ್ದಳು. ಆದರೆ ಈಗ ಪ್ರತಿಯೊಂದನ್ನೂ ಕೈ ತಪ್ಪಿಹೋಗುವ ಮೊದಲು ಹಿಡಿದುಕೊಂಡವಳ ಹಾಗೆ ಬರೆದಳು.

ಯಡ್ವಿಗಾ ಅಮ್ಮ ಒಳಗೆ ಬಂದವರು, "ಅಯ್ಯೋ ನನ್ನ ಮೇಜಿನ ಹಾಸು!" ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಬಹಳ ಹೊತ್ತು ನೋಡಿದರು.

"ಇದು ಅಲ್ಲಿಯದಾ?"

"ಹೂಂ."

"ಅಲ್ಲಿ ಅಷ್ಟು ಇಷ್ಟವೇನೇ ನಿನಗೆ?"

ಬೊಗ್ನಾ ದೋಣಿಮನೆಗೆ ಇನ್ನೊಂದು ಗೆರೆ ಎಳೆದಳು. ಯಡ್ವಿಗಾ ಅಮ್ಮ ಒಲೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ಒಲೆಯನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ ಬೀರು ತೆರೆದು ಇನ್ನೊಂದು ಹಾಸು ತಂದು ಮಗಳ ಮುಂದಿಟ್ಟರು. "ತಗೋ. ಇದು ಹಬ್ಬಕ್ಕೆ ಅಂತ ಇಟ್ಟಿದ್ದೆ. ದೊಡ್ಡದಾಗಿದೆ."

ನಾವು ಎರಡೂ ಹಾಸುಗಳನ್ನು ಸುರುಳಿ ಸುತ್ತಿಕೊಂಡು ಸ್ಕಾರ್ವಿಕ್‌ಗೆ ಮರಳಿದೆವು. ಸಿಗ್ರೂನ್ ಮೇಡಂ ನಿಯಮದಂತೆ ಬಾಗಿಲಲ್ಲಿ ನಿಂತರು. ಬೊಗ್ನಾ ಮೊದಲನೆಯ ಹಾಸನ್ನು ಬಿಚ್ಚಿ ಹಿಡಿದಳು. ಸಿಗ್ರೂನ್ ಮೇಡಂ ಕನ್ನಡಕ ತೆಗೆದು, ತಮ್ಮ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು.

"ಬಂತು," ಎಂದರು. "ಎಂಥ ಹಂಬಲ! ತೀವ್ರ. ತೀವ್ರಕ್ಕಿಂತ ಸ್ವಲ್ಪ ಮೇಲೇ ಇದೆ, ಆದ್ರೆ ವೈದ್ಯರನ್ನ ಕರೆಸೋದು ಬೇಡ." ಕೂಡಲೇ ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿಬಿಟ್ಟರು. ಒತ್ತಿದ ಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಇದು ಪೋಲೆಂಡಿನಲ್ಲಿ ಎಲ್ಲಿ ಬರುತ್ತೆ ಬೊಗ್ನಾ?"

ಬೊಗ್ನಾ ಸುಳ್ಳು ಹೇಳುವವಳಲ್ಲ. ಕಿಟಕಿಯ ಕಡೆ ಕೈ ತೋರಿಸಿದಳು. ಹೊರಗೆ ಕ್ರೇನು, ಕೆಂಪು ದೋಣಿಮನೆಗಳು ಮತ್ತು ಬೂದು ನೀರು, ಚಿತ್ರದಲ್ಲಿದ್ದ ಕ್ರಮದಲ್ಲಿಯೇ ಇದ್ದವು.

ಸಿಗ್ರೂನ್ ಮೇಡಂ ಚಿತ್ರ ನೋಡಿದರು, ಕಿಟಕಿ ನೋಡಿದರು, ಮೊಹರು ನೋಡಿದರು. ಮೊಹರು ಒಣಗಿತ್ತು.

ವಿಷಯ ಪುರಸಭೆಯ ಮುಂದೆ ಬಂತು. ಸಭೆ ಶಾಂತವಾಗಿ ಚರ್ಚಿಸಿತು. ನಿಯಮದಲ್ಲಿ ಅಳೆಯಬೇಕಾದದ್ದು ತಾಯ್ನಾಡಿನ ಹಂಬಲ. ಹಂಬಲವನ್ನು ಅಳೆದಾಗಿದೆ, ಇದೆ. ಆದಕಾರಣ ಅದು ಯಾವುದರ ಹಂಬಲವೋ ಅದು ತಾಯ್ನಾಡು ಎಂಬುದು ಸ್ವಯಂಸಿದ್ಧ. ಸಹಿಯಾದ ವರದಿಯನ್ನು ಬದಲಿಸಲು ಬರುವುದಿಲ್ಲ. ಬಂದರನ್ನಾದರೆ ಬದಲಿಸಬಹುದು. ಮೀನುಗಾರರ ಪ್ರತಿನಿಧಿ ಎದ್ದುನಿಂತು, ಬಂದರು ಪೋಲೆಂಡ್ ಆದರೆ ದೋಣಿ ಕಟ್ಟಲು ಏನಾದರೂ ತೊಂದರೆಯಿದೆಯೇ ಎಂದು ಕೇಳಿದ. ಇಲ್ಲವೆಂದು ಹೇಳಿದ ಮೇಲೆ ಕೂತ. ಯಾರ ಆಕ್ಷೇಪವೂ ಇಲ್ಲದೆ ಈ ಠರಾವು ಪಾಸಾಯಿತು:

"ಕ್ರೇನಿನಿಂದ ಕೊನೆಯ ಕೆಂಪು ದೋಣಿಮನೆಯವರೆಗಿನ ಬಂದರು ಪ್ರದೇಶವು, ಸಾಂಸ್ಕೃತಿಕ ಉದ್ದೇಶಗಳ ಮಟ್ಟಿಗೆ, ಪೋಲೆಂಡಿನ ಭೂದೃಶ್ಯವಾಗಿರುತ್ತದೆ. ಉಳಿದ ಉದ್ದೇಶಗಳಿಗೆ ಮೊದಲಿನಂತೆಯೇ ಇರುತ್ತದೆ. ಮೀನು ಒಣಗಿಸುವವರು ಒಣಗಿಸಬಹುದು."

ಬೊಗ್ನಾಳಿಗೆ ಅಟ್ಟ ಉಳಿಯಿತು. ಅಂದು ಝೆನೆಕ್ ಅವಳನ್ನು ಎತ್ತಿ ಮೂರು ಸುತ್ತು ಸುತ್ತಿಸಿ ಬಲೆಯ ರಾಶಿಯ ಮೇಲೆ ಕೂರಿಸಿ, "ಅಕ್ಕಾ, ನಾನು ಇಷ್ಟು ವರ್ಷ ಪೋಲೆಂಡಿನಲ್ಲೇ ಮೀನು ಸೀಳ್ತಿದ್ದೆ, ನನಗೇ ಗೊತ್ತಿರ್ಲಿಲ್ಲ!" ಎಂದ. ಪೋರ್ಚುಗಲ್ಲಿನ ಶಿಲ್ಪಿಗೆ ಪುರಸಭೆ ಪಕ್ಕದ ಉಪ್ಪಿನ ಗೋದಾಮು ಕೊಟ್ಟಿತು. ಅವನು ಸಂತೋಷದಿಂದ ಅತ್ತ.

ಸಹಜವಾಗಿಯೇ ಸುದ್ದಿ ವಾರ್ಸಾಕ್ಕೆ ತಲುಪಿತು. ಬಂದರು ಪೋಲೆಂಡಾಗಿದ್ದರೆ ಬೊಗ್ನಾ ಹೊರದೇಶದಲ್ಲಿಲ್ಲವೆಂದೂ, ಪದಕದ ವಿಷಯ ಪರಿಶೀಲಿಸಬೇಕೆಂದೂ ಲಿಪ್ಕಾ ಸಾಹೇಬರು ಖುದ್ದಾಗಿ ಬಂದಿಳಿದರು. ಸಿಗ್ರೂನ್ ಮೇಡಂ ಕೇಕ್ ಮಾಡಿದ್ದರು. ಝೆನೆಕ್ ಹಸಿ ಕಾಡ್ ಮೀನನ್ನು ಬೆಣ್ಣೆಯಲ್ಲಿ ಹುರಿದು ಎದುರಿಗಿಟ್ಟ. ಲಿಪ್ಕಾ ಸಾಹೇಬರು ಮೀನು ತಿಂದು, ಬಂದರಿನ ಕಲ್ಲಿನ ಮೇಲೆ ಕೂತು, ಮಳೆ ನಿಂತು ಬಂದ ಬೆಳಕನ್ನು ಬಹಳ ಹೊತ್ತು ನೋಡಿದರು.

"ಏನ್ ತೀರ್ಮಾನ ಮಾಡಿದ್ರಿ ಸಾರ್?" ಎಂದು ಬೊಗ್ನಾ ಕೇಳಿದಳು.

"ನೀವು ಪೋಲೆಂಡಿನಲ್ಲೇ ಇದ್ದೀರಿ, ಅದರಲ್ಲಿ ಅನುಮಾನ ಇಲ್ಲ," ಎಂದರು ಲಿಪ್ಕಾ. "ಆದ್ರೆ ಈ ಪೋಲೆಂಡು ಹೊರದೇಶದಲ್ಲಿದೆ. ಪದಕ ನಿಮ್ಮ ಹತ್ರಾನೇ ಇರ್ಲಿ. ಇನ್ನೊಂದು ತುಂಡು ಮೀನಿದೆಯಾ?"

ಅಂದಿನಿಂದ ಸಮಿತಿಯ ಸನ್ಮಾನ ಸಮಾರಂಭಗಳೆಲ್ಲ ಸ್ಕಾರ್ವಿಕ್ ಬಂದರಿನಲ್ಲಿಯೇ ನಡೆಯುತ್ತಿವೆ. ಕಲಾವಿದರು ಹೊರದೇಶದಲ್ಲಿರುತ್ತಾರೆ, ಮಂತ್ರಿಗಳು ಸ್ವದೇಶದಲ್ಲಿರುತ್ತಾರೆ, ಯಾರೂ ಹಜಾರದಲ್ಲಿ ನಿಲ್ಲಬೇಕಾಗಿಲ್ಲ. ಕಾರ್ಖಾನೆಯ ನಮ್ಮವರು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರಿಗೆ ಬಂದು ಊರನ್ನು ನೆನೆಯುತ್ತಾರೆ. ಇದನ್ನು ನೋಡಿ ಊರಿನ ನಾರ್ವೆಯವರೂ ಬರತೊಡಗಿದರು. ಅವರಿಗೆ ಹಂಬಲಿಸಲು ಬೇರೆ ದೇಶ ಇರಲಿಲ್ಲ. ಆದ್ದರಿಂದ ಪೋಲೆಂಡಿಗಾಗಿಯೇ ಹಂಬಲಿಸುತ್ತಾರೆ. ಪುರಸಭೆ ಅವರಿಗಾಗಿ ಒಂದು ಬೆಂಚು ಹಾಕಿಸಿದೆ.

ಕಳೆದ ಬೇಸಿಗೆಯಲ್ಲಿ ಯಡ್ವಿಗಾ ಅಮ್ಮ ಮಗಳನ್ನು ನೋಡಲು ಬಂದರು. ತೀರ್ಮಾನಗಳೆಲ್ಲ ಆದ ಮೇಲೆ, ಸರ್ಕಾರಿ ಕೆಲಸಕ್ಕಲ್ಲದೆ ಬಂದ ಮೊದಲ ನಿಜವಾದ ತಾಯ್ನಾಡಿನವರು ಅವರೇ ಆದ್ದರಿಂದ, ಪುರಸಭೆ ಅವರಿಗೆ ಅಧಿಕೃತ ಸ್ವಾಗತ ಏರ್ಪಡಿಸಿತು. ಅವರನ್ನು ಬೆಂಚಿನ ನಡುವೆ ಕೂರಿಸಿದರು. ಒಂದು ಪಕ್ಕ ಬೊಗ್ನಾ, ಇನ್ನೊಂದು ಪಕ್ಕ ಸಿಗ್ರೂನ್ ಮೇಡಂ, ಹಿಂದೆ ನಾನು. ಯಡ್ವಿಗಾ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕ್ರೇನು ನೋಡಿದರು, ದೋಣಿಮನೆ ನೋಡಿದರು. ಆಮೇಲೆ, ಬಣ್ಣ ಮೆತ್ತಿದ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಿದ್ದ ಮಗಳನ್ನು ನೋಡಿದರು. ಅವಳನ್ನೇ ಬಹಳ ಹೊತ್ತು ನೋಡಿದರು.

ಸಿಗ್ರೂನ್ ಮೇಡಂ ಆತಂಕದಿಂದ ಕೇಳಿದರು: "ಅಮ್ಮಾ, ನಿಮ್ಮೂರಿನ ಹಾಗೇ ಇದೆಯಾ?" ನಾನು ಅನುವಾದಿಸಿದೆ.

ಯಡ್ವಿಗಾ ಅಮ್ಮ ಬೊಗ್ನಾಳ ಕೈ ಹಿಡಿದುಕೊಂಡರು. "ಇದೆ ಕಣಮ್ಮ. ಎಲ್ಲ ನಮ್ಮ ಮನೆ ಹಾಗೇ ಇದೆ. ಸಮುದ್ರ ಮಾತ್ರ ಸ್ವಲ್ಪ ಜಾಸ್ತಿ ಹಾಕಿದ್ದಾರೆ."

ನಾನು ಇದನ್ನೂ ಅನುವಾದಿಸಿದೆ. ಸಿಗ್ರೂನ್ ಮೇಡಂ ಗಂಭೀರರಾಗಿ ಬರೆದುಕೊಂಡರು. ವಿಷಯ ತಾಂತ್ರಿಕ ವಿಭಾಗಕ್ಕೆ ಹೋಯಿತು. ಸಮುದ್ರವನ್ನು ಕಡಿಮೆ ಮಾಡುವ ಅಧಿಕಾರ ಪುರಸಭೆಗಿಲ್ಲವೆಂದೂ, ಮೇಲಿನವರಿಗೆ ಬರೆಯಲಾಗಿದೆಯೆಂದೂ ವಿಭಾಗ ತಿಳಿಸಿದೆ. ಉತ್ತರ ಬರುವವರೆಗೆ ಬೆಂಚಿನ ಮೇಲೆ ಕೂತವರು ಸಮುದ್ರವನ್ನು ಮಿತವಾಗಿ ನೋಡಬೇಕೆಂದು ಪಕ್ಕದಲ್ಲಿ ಎರಡೂ ಭಾಷೆಗಳಲ್ಲಿ ಫಲಕ ಹಾಕಲಾಗಿದೆ. ಎಲ್ಲರೂ ಹಾಗೆಯೇ ನೋಡುತ್ತಿದ್ದಾರೆ.